ಫೋಟೊ ಅಂಕಲ್ ಹೇಳಿದ ಮದುವೆಗಳು

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ವರ್ಷಗಟ್ಟಲೆ ಮುಚ್ಚಿ ಮುಚ್ಚಿ, ಕಡೆಗೆ ಅದು ಪೂರ್ತಿ ತೆರೆಯುವುದನ್ನೇ ಮರೆತಿತ್ತು. ಹೊಸಬರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಮದುವೆ ಮನೆಯಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಸಾವಿನ ಮನೆಗೆ ಮಾತ್ರ ಅವರು ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದರು.

ಹಲಸೂರಿನಲ್ಲಿ ಕೆಳಗೆ ಅವರ ಸ್ಟುಡಿಯೊ, ಹಿಂದೆ ಅವರ ಮನೆ, ಮಹಡಿಯಲ್ಲಿ ಬಾಡಿಗೆಗೆ ನಾನು. ದಾವಣಗೆರೆಯಿಂದ ಕೆಲಸಕ್ಕೆಂದು ಬಂದವಳಿಗೆ ಓನರ್ ಎಂದು ಕರೆಯಲು ನಾಲಿಗೆ ಬರಲಿಲ್ಲ. ಬೀದಿಯ ಮಕ್ಕಳ ಹಾಗೆ ನಾನೂ ಫೋಟೊ ಅಂಕಲ್ ಎಂದೆ. ಮದುವೆ ಫೋಟೊ ತೆಗೆಯುವುದು ಅವರ ಕಸುಬು. ಸತ್ತವರ ಚಿಕ್ಕ ಫೋಟೊ ತಂದುಕೊಟ್ಟರೆ ಅದನ್ನು ದೊಡ್ಡದು ಮಾಡಿ, ಫ್ರೇಮು ಹಾಕಿ ಕೊಡುವುದೂ ಅವರ ಕಸುಬೇ. "ಮನುಷ್ಯ ದೊಡ್ಡ ಹಾರ ಹಾಕ್ಕೊಳ್ಳೋದು ಎರಡೇ ಸಲ ಕಣಮ್ಮ. ಎರಡು ಸಲಾನೂ ನನ್ ಹತ್ರಾನೇ ಬರ್ಬೇಕು" ಎಂದು ನಗುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆ ನಗುವಿಗೆ ಮನೆಯಲ್ಲಿ ಜೊತೆಯಾಗುವವರು ಯಾರೂ ಇರಲಿಲ್ಲ.

ಎಲ್ಲರ ಕೈಗೂ ಫೋನಿನ ಕ್ಯಾಮೆರಾ ಬಂದು ಸ್ಟುಡಿಯೊ ಸೊರಗಿದಾಗ ಅವರು ಇನ್ನೊಂದು ಕೆಲಸ ಹಿಡಿದರು. ಛತ್ರಗಳ ಅಡುಗೆಯವರೆಲ್ಲ ಪರಿಚಯದವರು. ಮಿಕ್ಕ ಅನ್ನ, ಸಾರು, ಪಲ್ಯ ತಿಪ್ಪೆ ಸೇರುವುದನ್ನು ಅವರು ಆಯುಷ್ಯವಿಡೀ ನೋಡಿದ್ದರು. ಹಿಂದೆ ಲೈಟು, ಸ್ಟ್ಯಾಂಡು ತುಂಬಿಕೊಂಡು ಓಡಾಡುತ್ತಿದ್ದ ವ್ಯಾನಿಗೆ ಈಗ ಊಟದ ಪಾತ್ರೆಗಳನ್ನು ತುಂಬಿಕೊಂಡು ಗರುಡಾಚಾರ್‌ಪಾಳ್ಯಕ್ಕೆ ಹೊರಡುತ್ತಿದ್ದರು. ಅಲ್ಲಿ ಒಂದು ವಠಾರದಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದ ಸಂಸಾರಗಳು ಒಂದೊಂದೇ ಕೋಣೆಯಲ್ಲಿ ಬಾಡಿಗೆಗಿದ್ದವು. ಗಂಡಸರಿಗೆ ಕಟ್ಟಡದ ಕೆಲಸ, ಹೆಂಗಸರಿಗೆ ಪ್ಯಾಕಿಂಗ್ ಕೆಲಸ. ರಜೆಯ ದಿನ ನಾನೂ ಬಡಿಸಲು ಜೊತೆಗೆ ಹೋಗುತ್ತಿದ್ದೆ.

ಅಂಕಲ್ ಅವರದೊಂದು ಕಟ್ಟಳೆಯಿತ್ತು. ಪಾತ್ರೆಯ ಮುಚ್ಚಳ ತೆಗೆಯುವ ಮೊದಲು ಊಟ ಎಲ್ಲಿಂದ ಬಂತೆಂದು ಗಟ್ಟಿಯಾಗಿ ಹೇಳುತ್ತಿದ್ದರು. ಮದುವೆಯದಾದರೆ ಮದುವೆಯದು, ತಿಥಿಯದಾದರೆ ತಿಥಿಯದು. ತಿಥಿ ಎಂದರೆ ಅರ್ಧ ಜನ ತಟ್ಟೆ ಹಿಡಿದುಕೊಂಡು ಹಿಂದಕ್ಕೆ ಹೋಗುತ್ತಿದ್ದರು. ಬಸುರಿಯರಂತೂ ಆ ಪಾತ್ರೆಯ ಹತ್ತಿರ ಸುಳಿಯುತ್ತಿರಲಿಲ್ಲ. ಸಾವಿನ ಮನೆಯ ಅನ್ನ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಎಂದು ಅವರ ನಂಬಿಕೆ. ಒಮ್ಮೆ ವಾಪಸು ಬರುವಾಗ ನನಗೆ ರೇಗಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂದುಬಿಟ್ಟೆ. ಅಂಕಲ್ ವ್ಯಾನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಹಸಿದವ್ರಿಗೆ ಶಾಸ್ತ್ರ ಇರ್ಬಾರ್ದು ಅಂತ ಯಾರಮ್ಮ ಹೇಳಿದ್ದು? ತಿನ್ನೋರಿಗೆ ಹೇಳ್ದೆ ಬಡಿಸೋದು ಮೋಸ." ಅವರು ನನ್ನನ್ನು ಬೈದದ್ದು ಅದೊಂದೇ ಸಲ.

ಆಮೇಲೆ ಕೊರೊನಾದ ಎರಡನೇ ಅಲೆ ಬಂತು. ಛತ್ರಗಳಿಗೆ ಬೀಗ ಬಿತ್ತು. ಕಟ್ಟಡದ ಕೆಲಸ ನಿಂತಿತು. ನನ್ನ ಕೆಲಸವೂ ನಿಂತು, ನಾನು ದಿನವೂ ಅಂಕಲ್ ಜೊತೆ ವ್ಯಾನು ಹತ್ತತೊಡಗಿದೆ. ಕಲ್ಪಳ್ಳಿ ಸ್ಮಶಾನದ ಕಡೆಗೆ ಹೋಗುವ ಆಂಬುಲೆನ್ಸುಗಳ ಸದ್ದು ಊಟಕ್ಕೆ ಕೂತಾಗಲೂ ಕೇಳುತ್ತಿತ್ತು. ಅಂಕಲ್ ಸ್ಟುಡಿಯೊಗೆ ಮಾತ್ರ ಕೆಲಸವೋ ಕೆಲಸ. ಜನ ಗುರುತಿನ ಚೀಟಿ, ಫೋನಿನ ಚಿತ್ರ ಕಳಿಸಿ ಫ್ರೇಮು ಹಾಕಿಸುತ್ತಿದ್ದರು. ಹನ್ನೊಂದನೇ ದಿನಕ್ಕೆ ನೆಂಟರನ್ನು ಕರೆಯುವಂತಿರಲಿಲ್ಲ. ಅಡುಗೆ ಮಾಡಿಸುತ್ತೇವೆ, ನೀವೇ ಒಯ್ದು ಯಾರಿಗಾದರೂ ಬಡಿಸಿ ಎಂದು ಅದೇ ಜನ ಅವರಿಗೆ ಹೇಳತೊಡಗಿದರು. ಹೀಗೆ ವ್ಯಾನಿಗೆ ಬರುವ ಊಟವೆಲ್ಲ ಒಂದೇ ಬಗೆಯದಾಯಿತು.

ಫೋನ್ ಬಂದರೆ ಸಾವು. ಬರದಿದ್ದರೆ ವಠಾರದಲ್ಲಿ ಉಪವಾಸ. ಒಂದು ದಿನ ಬೆಳಿಗ್ಗೆ ಅವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. "ಯಾಕೋ ಇನ್ನೂ ಫೋನ್ ಬಂದಿಲ್ವಲ್ಲ ಅಂತ ಕಾಯ್ತಾ ಇದ್ದೆ ಕಣಮ್ಮ. ಏನಕ್ಕೆ ಕಾಯ್ತಾ ಇದೀನಿ ಅಂತ ಆಮೇಲೆ ಗೊತ್ತಾಯ್ತು" ಎಂದರು. ಅವರು ಫೋನನ್ನು ಮಗುಚಿ ಇಟ್ಟರು, ಮತ್ತೆ ತಿರುಗಿಸಿ ಇಟ್ಟರು.

ಅವತ್ತು ಮಧ್ಯಾಹ್ನ ವಠಾರದಲ್ಲಿ ಎಂದಿನಂತೆ ಹೇಳಲು ಬಾಯಿ ತೆರೆದರು. ಎದುರಿಗೆ ಯಾದಗಿರಿಯ ಒಬ್ಬ ತುಂಬು ಬಸುರಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕೆನ್ನೆ ಒಳಗೆ ಹೋಗಿತ್ತು. ಹಿಂದಿನ ದಿನವೂ ಅವಳು ಉಂಡಿರಲಿಲ್ಲ.

"ಎಲ್ಲಿಂದ ಬಂತ್ರಿ ಊಟ?" ಎಂದಳು.

"ಮದುವೆ ಊಟ" ಎಂದರು ಅಂಕಲ್.

ನಾನು ಸೌಟು ಹಿಡಿದವಳು ಹಾಗೇ ನಿಂತೆ.

"ಇಂಥಾದ್ರಾಗ ಮದಿವೀನಾ?"

"ಮನೇಲೇ ಮಾಡ್ಕೊಂಡ್ರಮ್ಮ. ಮನೆಯವರಷ್ಟೇ." ಅವಳು ಹೊಟ್ಟೆ ತುಂಬ ಉಂಡಳು.

ಅಂದಿನಿಂದ ದಿನಕ್ಕೊಂದು ಮದುವೆ. ನಿಜವಾದ ಮದುವೆಗಳನ್ನು ಸಾವಿರಗಟ್ಟಲೆ ನೋಡಿದವರಿಗೆ ಹುಟ್ಟಿಸಿ ಹೇಳುವುದು ಕಷ್ಟವಾಗಲಿಲ್ಲ. ಗಂಡಿನ ಪೇಟ ಜಾರಿದ್ದು, ಸೋದರಮಾವ ಮುನಿಸಿಕೊಂಡದ್ದು, ಎಲ್ಲ ಹೇಳುವರು. ಹೆಂಗಸರು ನಗುವರು. ಆದರೆ ಗಂಡಿಗೋ ಹೆಣ್ಣಿಗೋ ಅವರು ಇಡುತ್ತಿದ್ದ ಹೆಸರು ಅಂದು ಯಾರ ತಿಥಿಯ ಊಟ ಬಂದಿತ್ತೋ ಆ ಸತ್ತವರದೇ. ಹಲ್ಲಿಲ್ಲದ ಮುದುಕರೆಲ್ಲ ಅವರ ಬಾಯಲ್ಲಿ ಹಸೆಮಣೆ ಏರಿದರು. ನಾನೂ ಒಂದೆರಡು ಸಲ ನಕ್ಕೆ. ನಕ್ಕ ಮೇಲೆ ಹೆದರಿಕೆಯಾಯಿತು. "ಬೇರೆ ಹೆಸರು ಹೇಳಿ ಅಂಕಲ್" ಎಂದೆ. "ಅವ್ರ ಅನ್ನ ಬಡಿಸಿ ಹೆಸರೂ ಮುಚ್ಚಿಡ್ಲಾ?" ಎಂದರು.

ಒಂದು ದಿನ ರಿಚರ್ಡ್ಸ್ ಟೌನಿನಿಂದ ಫೋನ್ ಬಂತು. ಹುಡುಗಿಯ ಹೆಸರು ಮೃದುಲಾ. ಮದುವೆ ಗೊತ್ತಾಗಿತ್ತು. ಫ್ರೇಮಿಗೆ ಬಂದದ್ದು ಅವಳ ಆಫೀಸಿನ ಗುರುತಿನ ಚೀಟಿಯ ಫೋಟೊ. ತಾಯಿ ಗೇಟಿನ ಹತ್ತಿರ ನಿಂತು, "ಹೋಳಿಗೆ ಮಾಡ್ಸಿದೀನಿ. ಮದುವೆಗೆ ಅಂತ ತಂದಿಟ್ಟ ತುಪ್ಪ ಇತ್ತು" ಎಂದರು.

ವಠಾರದಲ್ಲಿ ಅವತ್ತು ಅವರು ಎಂದಿಗಿಂತ ಹೆಚ್ಚು ಹೊತ್ತು ಹೇಳಿದರು. ಕುಂಕುಮ ಬಣ್ಣದ ಸೀರೆ, ಮೊಳಗಟ್ಟಲೆ ಮಲ್ಲಿಗೆ. ಧಾರೆಯ ಹೊತ್ತಿಗೆ ಹೆಣ್ಣು ಅತ್ತದ್ದು, ಫೋಟೊಗೆ ನಗಮ್ಮ ಎಂದಾಗ ಅಳು ನುಂಗಿ ನಕ್ಕದ್ದು. ಬಸುರಿ ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದಳು. "ಆಕಿ ಹೆಸ್ರೇನ್ರಿ?" ಎಂದಳು. ಅಂಕಲ್ ಹೇಳಿದರು. ಅವಳು ಅದನ್ನು ತಾನೂ ಒಂದು ಸಲ ಹೇಳಿ ನೋಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ವಾಪಸು ಬರುವಾಗ ಅಂಕಲ್ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದರು. "ನಾನು ಇದನ್ನೆಲ್ಲ ನಂಬಲ್ಲಮ್ಮ. ಆದ್ರೆ ಅವಳು ನಂಬ್ತಾಳಲ್ಲ. ಹೆರಿಗೇಲಿ ಏನಾದ್ರೂ ಹೆಚ್ಚುಕಮ್ಮಿ ಆಗಿ, ಆಮೇಲೆ ಅವಳಿಗೆ ನಿಜ ಗೊತ್ತಾದ್ರೆ? ನಾನೇ ತಿಂದು ಮಗೂನ ಕೊಂದೆ ಅಂತ ಜೀವನಪೂರ್ತಿ ಅಳ್ತಾಳೆ. ತಿನ್ಸಿದ್ದು ನಾನು."

ಅದಾಗಿ ಸ್ವಲ್ಪ ದಿನಕ್ಕೆ ಅವರಿಗೇ ಜ್ವರ ಬಂತು, ಆಸ್ಪತ್ರೆ ಸೇರಿದರು. ನೋಡಲು ಬಿಡುತ್ತಿರಲಿಲ್ಲ. ಫೋನಿನಲ್ಲಿ ಉಸಿರು ಎಳೆದುಕೊಂಡು ಒಂದೇ ಮಾತು ಕೇಳುತ್ತಿದ್ದರು. "ಹೆರಿಗೆ ಆಯ್ತಾ?" ಇನ್ನೂ ಇಲ್ಲ ಎನ್ನುತ್ತಿದ್ದೆ. ಕೊನೆಯ ಸಲ, "ಏನೇ ಆದ್ರೂ ಅವಳಿಗೆ ಹೇಳ್ಬೇಡ" ಎಂದರು. ಮಾರನೆಯ ದಿನ ಫೋನ್ ಎತ್ತಿದ್ದು ನರ್ಸ್.

ನಾನು ಕೆಲವು ದಿನ ಮನೆಯಿಂದ ಹೊರಬೀಳಲಿಲ್ಲ. ಅತ್ತು ಅತ್ತು ಸಾಕಾಗಿ, ಒಂದು ದಿನ ಅಂಗಡಿಯಿಂದ ಅಕ್ಕಿ, ಬೇಳೆ ಕೊಂಡು ವಠಾರಕ್ಕೆ ಹೋದೆ. ಅವಳು ಕೋಣೆಯ ಬಾಗಿಲಲ್ಲಿ ಕೂತಿದ್ದಳು. ಮಡಿಲಲ್ಲಿ ಹೆಣ್ಣು ಮಗು, ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ನನಗೆ ಹೋದ ಜೀವ ಬಂದಂತಾಯಿತು. ಇದನ್ನು ಕೇಳಲು ಅವರಿರಬೇಕಿತ್ತು.

"ಹೆಸ್ರಿಟ್ಟೀವ್ರಿ ಅಕ್ಕಾರ. ಫೋಟೊದವರ್ನ ಕರೀಬೇಕಂದ್ರ ಅವ್ರು ಬರ್ಲೇ ಇಲ್ಲ."

"ಏನು ಹೆಸರು?"

"ಮೃದುಲಾ." ಅವಳು ಮಗುವಿನ ಕುಲಾವಿ ಸರಿಮಾಡಿದಳು. "ಅಷ್ಟ್ ಚಂದ ಮದಿವಿ ಆದಾಕಿ ಹೆಸರಲ್ರಿ. ಆಕೀ ನಸೀಬ ನಮ್ ಕೂಸಿಗೂ ಬರ್ಲಿ ಅಂತ ಇಟ್ಟೀನಿ."

ನಾನು ಅಕ್ಕಿ, ಬೇಳೆಯ ಚೀಲವನ್ನು ಅವಳ ಪಕ್ಕದಲ್ಲಿಟ್ಟೆ. ಅಂಕಲ್ ಹೋದ ಸುದ್ದಿಯನ್ನು ಹೇಗೋ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು.

"ಆಕಿ ಆರಾಮ್ ಅದಾಳೇನ್ರಿ, ಆ ಮೃದುಲಾ? ಗಂಡನ ಮನ್ಯಾಗ?"

"ಆರಾಮಿದ್ದಾಳೆ" ಎಂದೆ.

ಅಂಕಲ್ ಹೊತ್ತಿದ್ದ ಸುಳ್ಳಿನ ಋಣ ಹೀಗೆ ನನ್ನ ತಲೆಗೆ ಬಂತು. ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಗಟ್ಟಿಮುಟ್ಟಾಗಿದ್ದಾಳೆ. ಆದರೂ ಅವಳಿಗೆ ಜ್ವರ ಬಂತೆಂದು ತಾಯಿ ಫೋನ್ ಮಾಡಿದರೆ ಕೈಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ವಠಾರದವರೆಲ್ಲ ಅವಳನ್ನು ಹೆಸರು ಹಿಡಿದು ಕೂಗುತ್ತಾರೆ. ನಾನು ಪುಟ್ಟಿ ಎನ್ನುತ್ತೇನೆ. "ಅಕ್ಕಾರ, ನಮ್ ಕೂಸಿನ ಹೆಸರು ಒಂದಿನಾನೂ ನಿಮ್ ಬಾಯಾಗ ಬರ್ಲಿಲ್ಲ" ಎಂದು ತಾಯಿ ಮೊನ್ನೆಯೂ ನಕ್ಕಳು.