ಗಾಜು ಊದುವವರ ಉಸಿರು

ಹೆತ್ತವಳು ನಾನು, ಹೊಟ್ಟೆ ಬಂದದ್ದು ನಮ್ಮನೆಯವರಿಗೆ. ಮಗಳು ಹುಟ್ಟಿದ ಮೇಲೆ ನಾನು, ಆಮೇಲೆ ಅವಳು ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ಚೆಲ್ಲಬಾರದೆಂದು ಮುಗಿಸಿದವರು ಇವರೇ. ಎರಡು ವರ್ಷದಲ್ಲಿ ಇಪ್ಪತ್ತು ಕಿಲೋ. ಮೂರನೇ ಮಹಡಿ ಹತ್ತಿ ಬಾಗಿಲು ತಟ್ಟುವಷ್ಟರಲ್ಲಿ ಏದುಸಿರು. ಮಲಗಲು ಎರಡು ದಿಂಬು ಬೇಕು.

ಇವರದು ಗಾಜು ಊದುವ ಕೆಲಸ. ಕರಗಿದ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿ, ತಿರುಗಿಸುತ್ತ ಊದಿ ದೊಡ್ಡ ಜಾಡಿ ಮಾಡುತ್ತಾರೆ. ಕಾರ್ಖಾನೆಯ ಉಸಿರಿನ ತಪಾಸಣೆಗೆ ನಾನೂ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಇವರು ಯಂತ್ರಕ್ಕೂ ಗಾಜಿಗೆ ಊದಿದ ಹಾಗೆಯೇ ಕೆನ್ನೆ ಉಬ್ಬಿಸಿ, ಮೆಲ್ಲಗೆ, ಹದವಾಗಿ ಊದಿದರು. ಅಂಕಿ ಪಾತಾಳಕ್ಕಿಳಿಯಿತು.

"ಇಲ್ಲೇನೂ ಒಡೆದುಹೋಗಲ್ಲ. ಎದೆ ತುಂಬ ಎಳ್ಕೊಂಡು ಒಂದೇ ಸಲಕ್ಕೆ ಜೋರಾಗಿ ಬಿಡಿ," ಎಂದರು ಡಾಕ್ಟರಮ್ಮ.

ಹದಿನಾರು ವರ್ಷದ ಅಭ್ಯಾಸ ಬಿಡಲು ಐದು ಸಲ ಊದಬೇಕಾಯಿತು. ಸರಿಯಾಗಿ ಊದಿದರೂ ಇರಬೇಕಾದಷ್ಟು ಬರಲಿಲ್ಲ. ಶ್ವಾಸಕೋಶಕ್ಕೇನೂ ರೋಗವಿಲ್ಲ, ಗಂಡಸರ ಬೊಜ್ಜು ಹೆಚ್ಚಾಗಿ ಹೊಟ್ಟೆಗೇ ಸೇರುತ್ತದೆ, ಅದು ಕೆಳಗಿನಿಂದ ಒತ್ತಿದರೆ ಶ್ವಾಸಕೋಶ ಹಿಗ್ಗುವುದೆಲ್ಲಿಗೆ ಎಂದು ಕೇಳಿದರು. ಆರು ತಿಂಗಳಲ್ಲಿ ಸುಧಾರಿಸದಿದ್ದರೆ ಕುಲುಮೆ ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕಂತೆ.

ಇವರ ಮುಖ ಸಣ್ಣಗಾಯಿತು. ಜೊತೆಯವರು ಬಿಡುತ್ತಾರೆಯೇ? ಅಂಗಿಯೊಳಗೇ ಒಂದು ಜಾಡಿ ಊದಿಟ್ಟುಕೊಂಡಿದ್ದಾನೆ, ಅದನ್ನೇ ಪ್ಯಾಕ್ ಮಾಡಲಿ ಎಂದರಂತೆ.

ನಾನು ಇವರ ತಟ್ಟೆ ಬದಲಾಯಿಸಿದೆ, ಚಿಕ್ಕದು. ಮಗಳು ಬಿಟ್ಟದ್ದು ಅವಳದೇ ಡಬ್ಬಿಗೆ. ದಿನಾ ಬೆಳಿಗ್ಗೆ ಇವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಜೊತೆ ಒಂದು ಗಂಟೆ ನಡಿಗೆ. ಮೊದಲ ವಾರ ಮೂಲೆ ಅಂಗಡಿಯ ಬೆಂಚಿನ ಮೇಲೆ ಕುಳಿತು, "ಸಾಕಾಯ್ತು ಕಣೇ, ಪ್ಯಾಕಿಂಗ್ ಏನು ಕೆಟ್ಟ ಕೆಲಸಾನಾ?" ಎಂದರು.

"ಕೆಟ್ಟದ್ದಲ್ಲ ರೀ. ಆದ್ರೆ ನಿಮಗೆ ಅದು ಇಷ್ಟಾನಾ?"

ಇವರು ಎದ್ದು ನಡೆದರು. ಮಗಳು ಮೇಲಿಂದ ಕೂದಲು ಜಗ್ಗಿ ಕುದುರೆ ಓಡಿಸಿದಳು.

ಹದಿನಾಲ್ಕು ಕಿಲೋ ಇಳಿಯಿತು, ಒಂದು ದಿಂಬು ನನಗೆ ವಾಪಸ್ ಬಂತು. ಇವತ್ತು ಮರುತಪಾಸಣೆ. ಡಾಕ್ಟರಮ್ಮ ಅಂಕಿ ಓದಿ, ಕುಲುಮೆಯಲ್ಲೇ ಮುಂದುವರಿಯಬಹುದು ಎಂದರು. ಇವರು ಇನ್ನೊಮ್ಮೆ ಓದಿಸಿ ಕೇಳಿ, ನೇರ ಕುಲುಮೆಗೆ ಹೊರಟರು. ನಾವಿಬ್ಬರೂ ಬಿಸಿ ತಾಗದಂತೆ ಎಳೆದ ಗೆರೆಯಾಚೆ ನಿಂತು ನೋಡಿದೆವು. ಗಾಜು ಕೆಂಪಗೆ ಉಬ್ಬಿತು, ಇನ್ನೂ ಉಬ್ಬಿತು, ಇವರು ನಿಲ್ಲಿಸಲೇ ಇಲ್ಲ.

"ಸಾಕಪ್ಪಾ, ಅಳತೆ ಮೀರಿತು," ಎಂದರು ಮೇಸ್ತ್ರಿ.

ಜಾಡಿ ಕೆಟ್ಟಿತು. ಇಷ್ಟು ಖುಷಿಯಿಂದ ಇವರು ಯಾವ ಜಾಡಿಯನ್ನೂ ಕೆಡಿಸಿರಲಿಲ್ಲ. ನಗುತ್ತಲೇ ಇನ್ನೊಂದಕ್ಕೆ ಕೊಳವೆ ಎತ್ತಿಕೊಂಡರು.