ಜೋಳದೊಳಗಿನ ಭರಣಿ

ನಿನ್ನೆ ನಮ್ಮವರು ಜತ್ತಿನ ಪೇಟೆಯಿಂದ ಬರುವಾಗ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕಿನ ದೊಡ್ಡದೊಂದು ಸುರುಳಿ ತಂದರು. ನನಗೆ ದರಿಬಡಚಿಯ ಕನ್ನಡ ಶಾಲೆಗೆ ಬದಲಿಯಾಗಿದೆ, ಸಾಮಾನು ಕಟ್ಟಬೇಕು. ಕಟ್ಟುವುದು ಹಾಗಿರಲಿ, ಸಂಜೆಯವರೆಗೂ ಅವರು ಪಡಸಾಲೆಯಲ್ಲಿ ಕೂತು ಗುಳ್ಳೆ ಒಡೆದರು. ಐವತ್ತು ದಾಟಿದ ಗಂಡಸು. ತಡೆಯಲಾಗದೆ ನಾನೂ ಹತ್ತು ಗುಳ್ಳೆ ಒಡೆದೆ ಎಂಬುದನ್ನು ನಿಮ್ಮಲ್ಲಿ ಮುಚ್ಚಿಡುವುದೇಕೆ? ಆದರೆ ಆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದಾಗ ನೆನಪಾದದ್ದು ಮಾತ್ರ ಜೋಳದ ವಾಸನೆ.

ಹನ್ನೆರಡು ವರ್ಷದ ಹಿಂದೆ ಸನಮಡಿಯಿಂದ ಈ ಕರಜಗಿಗೆ ಬಂದಾಗ ನಮ್ಮ ಸಾಮಾನು ಕಟ್ಟಿದವಳು ಪಕ್ಕದ ಮನೆಯ ಗಂಗವ್ವ. ನಾನು ರಟ್ಟಿನ ಡಬ್ಬಿ ತರಲು ಪೇಟೆಗೆ ಹೊರಟಿದ್ದರೆ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮನ್ಯಾಗ ಇಷ್ಟ ಕೌದಿ ಇಟಗೊಂಡು ಪ್ಯಾಟಿಗಿ ಯಾಕ ಹೊಂಟೀರಿ ಬಾಯಾರ?" ಎಂದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಬಾಯಾರು ಎನ್ನುತ್ತಾರೆ. ಕನ್ನಡಿ ಹಳೆ ಸೀರೆ ಹೊಲಿದ ಎರಡು ಕೌದಿಗಳ ನಡುವೆ ಮಲಗಿತು. ಕಪ್ಪು-ಬಸಿಗಳು ನನ್ನ ಸೀರೆಗಳೊಳಗೆ ಹೋದವು. ಟಿ.ವಿ.ಯ ಸುತ್ತ ಜೋಳದ ಕಣಿಕೆ ನಿಂತಿತು. ಕರಜಗಿಯಲ್ಲಿ ಇಳಿಸಿದ ಮೇಲೆ ಆ ಕಣಿಕೆಯನ್ನು ಎದುರುಮನೆಯ ಎಮ್ಮೆ ತಿಂದು ಮುಗಿಸಿತು. ನನಗೆ ಕಸ ಗುಡಿಸುವ ಕೆಲಸವೂ ಉಳಿಯಲಿಲ್ಲ.

ಕೊನೆಗೆ ಅವ್ವನ ಭರಣಿ. ಬಿಳಿ ಪಿಂಗಾಣಿ, ಕಂದು ಕತ್ತು. ಒಳಗೆ ಅವ್ವ ತೀರಿಹೋಗುವ ಮುಂಚಿನ ಬೇಸಿಗೆಯಲ್ಲಿ ಹಾಕಿದ್ದ ನಿಂಬೆಕಾಯಿ ಉಪ್ಪಿನಕಾಯಿ. ಅವಳ ಕೈಯದು ಅಂತ ಉಳಿದದ್ದು ಅದೊಂದೇ. ಅದನ್ನು ನಾನು ತಿನ್ನುತ್ತಲೂ ಇರಲಿಲ್ಲ, ಯಾರಿಗೂ ಕೊಡುತ್ತಲೂ ಇರಲಿಲ್ಲ. ಆಗಾಗ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚುತ್ತಿದ್ದೆ. ಹುಚ್ಚು ಅನ್ನಿ. ಗಂಗವ್ವ ಭರಣಿಯ ಬಾಯಿಗೆ ಅರಿವೆ ಬಿಗಿದು, ಅರ್ಧ ತುಂಬಿದ ಜೋಳದ ಚೀಲದಲ್ಲಿ ಅದನ್ನು ಹುಗಿದು, ಮೇಲೆ ಇನ್ನಷ್ಟು ಜೋಳ ಸುರಿದು, ಚೀಲದ ಬಾಯಿ ಹೊಲಿದಳು.

"ಟೆಂಪೋ ಪಲ್ಟಿ ಆದ್ರೂ ಇದಕ್ಕ ಏನೂ ಆಗಂಗಿಲ್ರಿ."

ಆಗಲೂ ಇಲ್ಲ. ಆದರೆ ಗಂಗವ್ವ ನಮ್ಮವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಚೀಲ ಹೊಲಿಯುವಾಗ ಅವರು ಟೆಂಪೋ ಕರೆಯಲು ಹೋಗಿದ್ದರು. ಹೇಳಬೇಕಾದ ನಾನು ಹೇಳಲು ಮರೆತೆ. ಮರುದಿನ ಹೊಸ ಶಾಲೆಯಿಂದ ಮಧ್ಯಾಹ್ನ ಮನೆಗೆ ಬಂದರೆ ಅವರು ಚಹಾ ಕುಡಿಯುತ್ತ ಕೂತಿದ್ದರು. ಹೊಸ ಊರಿನ ಗಿರಣಿಯ ಹಿಟ್ಟಿನಲ್ಲೇ ಮೊದಲ ರೊಟ್ಟಿ ಆಗಲೆಂದು, ಆ ಚೀಲವನ್ನು ಮೋಟಾರ್ ಸೈಕಲ್ಲಿನ ಮೇಲೆ ಒಯ್ದು ಪಾಳಿಗೆ ಇಟ್ಟು ಬಂದಿದ್ದರು.

ನಾನು ಚಪ್ಪಲಿ ಹಾಕಲಿಲ್ಲ. ಆ ಬಿಸಿಲಿನಲ್ಲಿ ಓಡುವಾಗ, ಗಿರಣಿಯ ಕಲ್ಲಿಗೆ ಸಿಕ್ಕುವವಳು ಅವ್ವನೇ ಎಂದು ಅನಿಸಿತು. ಕರಜಗಿಯ ಜನ ಹೊಸ ಬಾಯಾರನ್ನು ಮೊದಲು ನೋಡಿದ್ದು ಹೀಗೆ, ಬರಿಗಾಲಲ್ಲಿ.

ಗಿರಣಿ ಸುಮ್ಮನಿತ್ತು. ಲೈಟು ಹೋಗಿತ್ತು. ಒಳಗೆ ಐದಾರು ಹೆಂಗಸರು ಬುತ್ತಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು. ನಡುವೆ ಅವ್ವನ ಭರಣಿ. ಗಿರಣಿ ನಡೆಸುವ ಶಾಂತವ್ವನಿಗೆ ಒಂದು ರೂಢಿ. ಯಾರ ಚೀಲವೇ ಇರಲಿ, ಮೊಣಕೈ ತನಕ ಕೈ ಇಳಿಸಿ ಜೋಳ ಹಸಿಯೋ ಒಣಗಿದೆಯೋ ನೋಡದೆ ಸುರಿಯುವವಳಲ್ಲ. ಆ ಕೈಗೆ ಭರಣಿ ಸಿಕ್ಕಿತ್ತು.

"ಜ್ವಾಳದಾಗ ಉಪ್ಪಿನಕಾಯಿ ಬೆಳಿಯೂದು ಇವತ್ತ ನೋಡಿದ್ವಿ ಬಾಯಾರ," ಎಂದಳು ಶಾಂತವ್ವ. "ಬರ್ರಿ, ಕುಂದ್ರಿ. ಯಾರ ಹಾಕ್ಯಾರ್ರಿ ಇದನ್ನ? ಕೈ ಭಾಳ ಚಲೋ ಐತಿ."

"ನಮ್ಮವ್ವ ಹಾಕಿದ್ದರಿ. ಈಗ ಇಲ್ರಿ ಅಕಿ."

ತಿನ್ನುತ್ತಿದ್ದ ಕೈಗಳು ನಿಂತವು. ಭರಣಿ ಅರ್ಧ ಖಾಲಿಯಾಗಿತ್ತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಶಾಂತವ್ವ ತನ್ನ ರೊಟ್ಟಿ ಮುರಿದು, ಮೇಲೊಂದು ಹೋಳು ಇಟ್ಟು ನನ್ನ ಕೈಗೆ ಕೊಟ್ಟಳು.

"ಮುಚ್ಚಿ ಇಡ್ಲಾಕ ಹಾಕಿರಂಗಿಲ್ರಿ ಅವರು. ತಿನ್ರಿ."

ತಿಂದೆ. ಅವ್ವ ಹೋದ ಮೇಲೆ ಅದೇ ಮೊದಲ ಸಲ. ಉಪ್ಪು ಒಂದು ಚೂರು ಮುಂದಾಗಿತ್ತು. ಅವ್ವನದು ಯಾವತ್ತೂ ಹಾಗೆಯೇ.

ಶಾಂತವ್ವ ಅವತ್ತು ಭರಣಿ ಕೊಡಲಿಲ್ಲ. ತಿಂದವರು ಪಾತ್ರೆಯನ್ನು ಬರಿದಾಗಿ ಮರಳಿಸಬಾರದಂತೆ. ಎಂಟು ದಿನ ಬಿಟ್ಟು, ಉಳಿದಿದ್ದ ಅರ್ಧದ ಮೇಲೆ ತನ್ನ ಉಪ್ಪಿನಕಾಯಿ ಹಾಕಿ, ಕತ್ತಿನ ತನಕ ತುಂಬಿ ತಂದಳು. ಅಂದಿನಿಂದ ಪ್ರತಿ ಬೇಸಿಗೆ, ಹಳೆಯದು ತಳದಲ್ಲಿ ಇರುವಾಗಲೇ ಹೊಸ ಹೋಳು ಬೀಳುತ್ತವೆ, ಒಂದು ವರ್ಷ ನನ್ನವು, ಒಂದು ವರ್ಷ ಅವಳವು. ಯಾವುದು ಯಾರದೆಂದು ಈಗ ನನಗೂ ಗೊತ್ತಿಲ್ಲ. ಭರಣಿ ಮಾತ್ರ ಒಮ್ಮೆಯೂ ಬರಿದಾಗಿಲ್ಲ.

ಇಂದು ಬೆಳಿಗ್ಗೆ ಅಳಿದುಳಿದ ಗುಳ್ಳೆಗಳನ್ನು ನಮ್ಮವರಿಗೇ ಬಿಟ್ಟುಕೊಟ್ಟು ನಾನು ಕೌದಿ ಹಾಸಿದೆ. ಭರಣಿಯನ್ನು ಜೋಳದಲ್ಲಿ ಹುಗಿದು ಚೀಲ ಹೊಲಿದೆ. ಈ ಸಲ ಅವರು ಎದುರಿಗೇ ನಿಂತಿದ್ದರು, ಕೈಯಲ್ಲೊಂದು ಇದ್ದಿಲ ತುಂಡು ಹಿಡಿದು.

"ಚೀಲದ ಮ್ಯಾಲ ದೊಡ್ಡದಾಗಿ ಬರದ ಬಿಡ್ತೀನಿ ತಡಿ, ಬೀಸಬ್ಯಾಡ್ರಿ ಅಂತ."

"ಬರೀಬ್ಯಾಡ್ರಿ," ಎಂದೆ. "ದರಿಬಡಚಿಗಿ ಹ್ವಾದ ಮರುದಿನ ನೀವ ಇದನ್ನ ಗಿರಣಿಗಿ ಒಯ್ದ ಇಡ್ರಿ. ಲೈಟ ಹ್ವಾದ ಹೊತ್ತ ನೋಡಿ."