ಕಂಪ್ಯೂಟರ್ ಮುಡಿದ ಮಲ್ಲಿಗೆ

ಐವತ್ತು ದಾಟಿದ ಹೆಂಗಸೊಬ್ಬಳು ಬೆಳಿಗ್ಗೆ ತಿಂಡಿಯ ಪಾತ್ರೆಗಳನ್ನು ಹಾಗೇ ಬಿಟ್ಟು, ಕಂಪ್ಯೂಟರಿನ ಮುಂದೆ ಕೂತು ಕಳ್ಳರನ್ನು ಹೊಡೆಯುತ್ತಾಳೆ ಅಂದರೆ ನೀವು ಏನೆಂದುಕೊಳ್ಳುತ್ತೀರಿ ಅಂತ ನನಗೆ ಗೊತ್ತು. ಅಂದುಕೊಳ್ಳಿ. ನಮ್ಮ ಶಂಕರಪುರದಲ್ಲಿ ಅಂದುಕೊಳ್ಳಬೇಕಾದವರೆಲ್ಲ ಅಂದುಕೊಂಡು ಮುಗಿಸಿ, ಈಗ ಬೇರೆಯವರ ವಿಷಯಕ್ಕೆ ಹೋಗಿಯಾಗಿದೆ.

ನಾನು ಈ ಚಟಕ್ಕೆ ಬಿದ್ದದ್ದು ಗಂಡನಿಂದ. ಇವರು ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮದುವೆಯಾದಂದಿನಿಂದ ನಮ್ಮ ಸಂಸಾರ ನಡೆದದ್ದೆಲ್ಲ ರಜೆಯಲ್ಲಿ ಮತ್ತು ಫೋನಿನಲ್ಲಿ. ಮೊದಮೊದಲು ಫೋನಿನಲ್ಲಿ ಮಾತಾಡಿದಷ್ಟೂ ಮುಗಿಯುತ್ತಿರಲಿಲ್ಲ. ಆಮೇಲಾಮೇಲೆ ಅದು "ಊಟ ಆಯ್ತಾ?" "ಆಯ್ತು." "ಮಳೆ ಉಂಟಾ?" "ಉಂಟು." "ಮತ್ತೆ?" "ಮತ್ತೆಂತ, ಇಷ್ಟೇ" ಎಂಬಲ್ಲಿಗೆ ಬಂದು ನಿಂತಿತು. (ನಾವು ಮಾತಾಡುವುದು ತುಳುವಿನಲ್ಲಿ. ತುಳುವಿನಲ್ಲೂ ಇದು ಇಷ್ಟೇ ಚಿಕ್ಕದು.) ಜಗಳವೇನೂ ಇರಲಿಲ್ಲ. ಜಗಳವಿದ್ದರೆ ಮಾತಾದರೂ ಇರುತ್ತಿತ್ತು. ಒಬ್ಬರ ದಿನದಲ್ಲಿ ಇನ್ನೊಬ್ಬರಿಲ್ಲದೆ ಹೋದರೆ ಹೇಳುವುದಕ್ಕಾದರೂ ಎಂತ ಉಳಿಯುತ್ತದೆ?

ಇದನ್ನು ಕಂಡವಳು ನಮ್ಮ ಮಗಳು. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ತೆಗೆದುಕೊಂಡ ಕಂಪ್ಯೂಟರನ್ನು, ಮದುವೆಯಾಗಿ ಕಾರ್ಕಳಕ್ಕೆ ಹೋಗುವಾಗ ನನ್ನ ತಲೆಗೆ ಕಟ್ಟಿದ್ದಳು. ಒಂದು ದಿನ ಬಂದು ಅದರೊಳಗೆ ಒಂದು ಆಟ ಹಾಕಿದಳು, ಅಪ್ಪನಿಗೂ ಅದನ್ನೇ ಹಾಕಿಸಿದಳು. ಆಟ ಬಹಳ ಸರಳ. ಒಂದು ದ್ವೀಪ. ಅಲ್ಲಿ ಇಬ್ಬರೂ ಸೇರಿ ಮರ ಕಡಿದು ಮನೆ ಕಟ್ಟಬೇಕು, ಗೆಣಸು ಬೆಳೆಯಬೇಕು, ಕತ್ತಲಾದ ಮೇಲೆ ದೋಣಿಯಲ್ಲಿ ಬರುವ ಕಳ್ಳರನ್ನು ಓಡಿಸಬೇಕು. ಒಬ್ಬರು ಇಲ್ಲಿಂದ, ಒಬ್ಬರು ಅಲ್ಲಿಂದ, ಆಡುತ್ತಲೇ ಮಾತೂ ಆಡಬಹುದು. ಇವರಿಗೆ ಕೆಲಸ ಮಧ್ಯಾಹ್ನದ ಮೇಲೆ. ನನ್ನ ಟ್ಯೂಷನ್ ಮಕ್ಕಳು ಬರುವುದು ಸಂಜೆ. ಹಾಗಾಗಿ ಬೆಳಗ್ಗಿನ ಹೊತ್ತು ದ್ವೀಪಕ್ಕೆ.

ಏನು ಹೇಳಲಿ ನಿಮಗೆ! ಫೋನಿನಲ್ಲಿ "ಮತ್ತೆಂತ" ಎನ್ನುತ್ತಿದ್ದ ಮನುಷ್ಯ ದ್ವೀಪಕ್ಕೆ ಕಾಲಿಟ್ಟದ್ದೇ ತಡ, ಬಾಯಿ ಮುಚ್ಚಲಿಲ್ಲ. "ಮಾರಾಯ್ತಿ, ಅಡುಗೆಮನೆ ಪಶ್ಚಿಮಕ್ಕೆ ಯಾಕೆ ಇಟ್ಟದ್ದು? ಹೊಗೆಯೆಲ್ಲ ಒಳಗೆ ಬರುವುದಿಲ್ವಾ?" ಎಂದು ಇಲ್ಲದ ಹೊಗೆಗೆ ಸಿಟ್ಟು. ನಾನು ಗೆಣಸಿಗೆ ನೀರು ಹಾಕಲು ಮರೆತರೆ ಬೈಗುಳ. ಕಳ್ಳನನ್ನು ಹೊಡೆದರೆ ಶಹಬ್ಬಾಸ್. ಮಧ್ಯೆ ಮಧ್ಯೆ ಸ್ಟೋರಿನ ವಿಷಯ, ಸೊಂಟನೋವಿನ ವಿಷಯ, ರೂಮಿನಲ್ಲಿ ಜೊತೆಗಿರುವ ಮಲಯಾಳಿಯ ಗೊರಕೆಯ ವಿಷಯ. ಕೈಗೆ ಕೆಲಸ ಕೊಟ್ಟರೆ ಗಂಡಸರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಈ ವಯಸ್ಸಿನಲ್ಲಿ ನಾನು ಕಂಡುಕೊಂಡ ಸತ್ಯ.

ಆಗಲೇ ಕಂಪ್ಯೂಟರಿಗೆ ಏನೋ ಬಡಿಯಿತು. ಕಳ್ಳರು ದೋಣಿಯಿಂದ ಇಳಿಯಬೇಕು, ನಾನು ದೊಣ್ಣೆ ಎತ್ತಬೇಕು, ಟಪ್ಪೆಂದು ಪರದೆ ಕಪ್ಪು. ಮತ್ತೆ ಚಾಲೂ ಮಾಡಿ ಹೋಗುವಷ್ಟರಲ್ಲಿ ಮನೆ ಸುಟ್ಟು, ಗೆಣಸು ಖಾಲಿಯಾಗಿ, ಗಂಡ ಒಬ್ಬರೇ ಬೂದಿಯ ನಡುವೆ ನಿಂತಿರುತ್ತಿದ್ದರು. ದಿನಾ ಇದೇ ಕಥೆ. "ಸೋಲುವಾಗ ನೀನೇ ಆಫ್ ಮಾಡುವುದಲ್ವಾ?" ಎಂದು ಕೇಳಿಯೂ ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಚಿಕಿತ್ಸೆ ಶುರುವಾಯಿತು. ಮಗಳು ಕಾರ್ಕಳದಿಂದ ಫೋನಿನಲ್ಲಿ ಹೇಳಿದ್ದೆಲ್ಲ ಮಾಡಿದೆ: ವೈರಸ್ ಹುಡುಕಿದೆ, ಆಟವನ್ನು ಅಳಿಸಿ ಪುನಃ ಹಾಕಿದೆ, ಪ್ಲಗ್ ಬದಲಿಸಿದೆ. ಪಕ್ಕದ ಮನೆಯಾಕೆ ದೃಷ್ಟಿ ಬಿದ್ದಿದೆ ಎಂದದ್ದಕ್ಕೆ ಮೆಣಸು ನಿವಾಳಿಸಿ ಒಲೆಗೂ ಹಾಕಿದೆ. ಸೀನು ಬಂದದ್ದು ಬಿಟ್ಟರೆ ಬೇರೆ ಫಲವಿಲ್ಲ. ಕೊನೆಗೆ, ನಮ್ಮ ಜಿಲ್ಲೆಯಲ್ಲಿ ಯಾವ ರೋಗ ಉಲ್ಬಣಿಸಿದರೂ ಮಾಡುವುದನ್ನೇ ಮಾಡಿದೆ: ಮಣಿಪಾಲಕ್ಕೆ ಹೊತ್ತುಕೊಂಡು ಹೋದೆ. ಅಂಗಡಿಯವರು "ಯಾವಾಗ ಆಫ್ ಆಗ್ತದೆ?" ಎಂದು ಕೇಳಿದರು. ಸುತ್ತ ಕಾಲೇಜು ಮಕ್ಕಳು. ದೊಣ್ಣೆ ಎತ್ತುವಾಗ ಎಂದು ಹೇಗೆ ಹೇಳಲಿ? "ಪಾಠದ ಟಿಪ್ಪಣಿ ಟೈಪ್ ಮಾಡುವಾಗ" ಎಂದೆ. ಅವರು ಪಾಪ, ಎಸಿಯ ತಂಪಿನಲ್ಲಿ ಅರ್ಧ ದಿನ ಟೈಪ್ ಮಾಡಿಯೇ ನೋಡಿದರು. ಏನೂ ಆಗಲಿಲ್ಲ. ವೈದ್ಯರ ಹತ್ತಿರ ಸುಳ್ಳು ಹೇಳಿದವಳಿಗೆ ಮದ್ದು ಎಲ್ಲಿಂದ ಸಿಗಬೇಕು? ಹೊತ್ತುಕೊಂಡು ಹೋದದ್ದನ್ನು ಹಾಗೇ ಹೊತ್ತುಕೊಂಡು ಬಂದೆ.

ಮರುದಿನ ಪುನಃ ಟಪ್. ಇವರು ಫೋನ್ ಮಾಡಿ, "ಬಿಡು ಮಾರಾಯ್ತಿ, ಆಟ ಸಾಕು. ಹೀಗೇ ಫೋನಿನಲ್ಲಿ ಮಾತಾಡುವ" ಎಂದರು. ಅದರ ಬೆನ್ನಿಗೇ, "ಊಟ ಆಯ್ತಾ?" ಎಂದರು. ಬೆಳಿಗ್ಗೆ ಹತ್ತು ಗಂಟೆಗೆ! ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಇಷ್ಟು ವರ್ಷದ ಮೇಲೆ ಸಿಕ್ಕಿದ ಗಂಡ ಪುನಃ ಕೈತಪ್ಪಿ ಹೋಗುತ್ತಾರಲ್ಲ ಎಂದು ಜೀವ ಚುರುಕ್ಕೆಂದಿತು. ಹೊಲಿಗೆ ಮೆಷಿನಿನ ಸ್ಕ್ರೂ ಡ್ರೈವರ್ ತಂದು, ಫೋನಿನ ಕ್ಯಾಮೆರಾವನ್ನು ಕಂಪ್ಯೂಟರಿನ ಡಬ್ಬಕ್ಕೆ ಹಿಡಿದು, "ನೀವು ನೋಡ್ತಾ ಇರಿ, ನಾನು ಬಿಚ್ಚುತ್ತೇನೆ" ಎಂದೆ. "ಶಾಕ್ ಹೊಡೆದೀತು, ಮೊದಲು ಪ್ಲಗ್ ತೆಗಿ!" ಎಂದು ಮಸ್ಕತ್ತಿನಿಂದ ಕೂಗು.

ಬಿಚ್ಚಿದೆ. ಒಳಗೆ ಒಂದು ಪುಟ್ಟ ಫ್ಯಾನ್. ಅದರ ಸುತ್ತ ಒಣಗಿದ ಬಾಳೆನಾರು, ಸುತ್ತಿ ಸುತ್ತಿ, ಮಧ್ಯೆ ಕಂದು ಬಣ್ಣಕ್ಕೆ ತಿರುಗಿದ ಮಲ್ಲಿಗೆಯ ಮೊಗ್ಗುಗಳು. ಯಾರೋ ಆ ಫ್ಯಾನಿಗೆ ಹೂ ಮುಡಿಸಿದ ಹಾಗಿತ್ತು.

ಮುಡಿಸಿದವರು ನಮ್ಮ ಅತ್ತೆ, ಇವರ ತಾಯಿ. ಎಂಬತ್ತರ ಹತ್ತಿರದವರು. ನಮ್ಮ ಅಂಗಳದ ಗಿಡಗಳ ಮಲ್ಲಿಗೆಯನ್ನು ಬೆಳಿಗ್ಗೆ ಕೊಯ್ದು, ಹೂವಿನವರು ಬರುವುದರೊಳಗೆ ಕಟ್ಟಿ ಚೆಂಡು ಮಾಡಿ ಕೊಡುವುದು ಅವರ ಕೆಲಸ. ನಮ್ಮಲ್ಲಿ ಹೂ ಕಟ್ಟುವುದು ಬಾಳೆಯ ನಾರಿನಲ್ಲೇ. ದಾರ ಹೂವಿನ ಪಸೆ ಹೀರುತ್ತದೆ, ಒದ್ದೆ ನಾರು ಪಸೆ ಕೊಡುತ್ತದೆ. ನಮ್ಮ ಮಲ್ಲಿಗೆ ಬಸ್ಸು ರೈಲು ಹತ್ತಿ ಇಳಿದರೂ ಮುಖ ಬಾಡಿಸದಿರುವುದು ಅದರಿಂದಲೇ ಎಂದು ಅತ್ತೆಯ ಸಿದ್ಧಾಂತ. ಆದರೆ ನಾರು ಸೀಳುವಾಗ ಕೂದಲಿನಂಥ ಎಳೆಗಳು ಉದುರುತ್ತವೆ, ಒಣಗಿ ಹಾರುತ್ತವೆ. ನೆಲದ ಮೇಲಿದ್ದ ಡಬ್ಬ ಅವನ್ನೆಲ್ಲ ಎಳೆದುಕೊಂಡಿತ್ತು. ಟೈಪ್ ಮಾಡುವಾಗ ಅದಕ್ಕೆ ಆಯಾಸವಿಲ್ಲ. ಕಳ್ಳರು ಬಂದರೆ ಮೈ ಬಿಸಿಯೇರುತ್ತದೆ, ಗಾಳಿ ಇಲ್ಲ, ಜೀವ ಉಳಿಸಿಕೊಳ್ಳಲು ಕಣ್ಣು ಮುಚ್ಚುತ್ತದೆ. ಇಷ್ಟೇ ವಿಷಯ.

ಹಳೆಯ ಬ್ರಷ್ಷಿನಿಂದ ಎಲ್ಲ ತೆಗೆದೆ. ಅತ್ತೆಗೆ, "ಇನ್ನು ಮುಂಚಿನ ಹಾಗೆ ಜಗಲಿಯಲ್ಲೇ ಕೂತು ಕಟ್ಟಿ ಅತ್ತೆ" ಎಂದೆ. ಕೆಲವು ತಿಂಗಳ ಹಿಂದಿನವರೆಗೆ ಅವರು ಕೂರುತ್ತಿದ್ದದ್ದು ಅಲ್ಲೇ. "ಜಗಲಿಯಲ್ಲಿ ಗಾಳಿ, ಹೂ ಬಾಡ್ತದೆ" ಎಂದು ಮಣೆ, ಬುಟ್ಟಿ ಸಮೇತ ಒಳಗೆ ಬಂದು ಕಂಪ್ಯೂಟರಿನ ಪಕ್ಕ ಕೂತಿದ್ದರು. "ಆಯ್ತು ಮಗಾ" ಎಂದು ಬುಟ್ಟಿ ಎತ್ತಿಕೊಂಡು ಹೋದರು. ಆಟ ಬೆಣ್ಣೆಯ ಹಾಗೆ ನಡೆಯಿತು. ಕಳ್ಳರು ಬಂದರು, ಪೆಟ್ಟು ತಿಂದು ಹೋದರು.

ಒಂದು ಮಧ್ಯಾಹ್ನ ಗಂಜಿ ಬಡಿಸುತ್ತಿದ್ದೆ. ಅತ್ತೆ ತಟ್ಟೆ ನೋಡಿಕೊಂಡೇ ಕೇಳಿದರು, "ಅವನ ಸೊಂಟನೋವು ಈಗ ಹೇಗುಂಟಂತೆ? ಆ ಮಲಯಾಳಿ ಬೇರೆ ರೂಮಿಗೆ ಹೋದನಾ?"

ಸೌಟು ನನ್ನ ಕೈಯಲ್ಲೇ ಉಳಿಯಿತು. ಅತ್ತೆ ಮಗನೊಟ್ಟಿಗೆ ಫೋನಿನಲ್ಲಿ ಮಾತಾಡುವವರೇ ಅಲ್ಲ. ವಿದೇಶದ ಕರೆಗೆ ನೀರಿನ ಹಾಗೆ ದುಡ್ಡು ಸುರಿಯುತ್ತಿದ್ದ ಕಾಲದವರು. ಈಗ ಹಾಗಿಲ್ಲ ಎಂದು ಎಷ್ಟು ಹೇಳಿದರೂ, "ಹುಷಾರಾ ಮಗಾ? ಸರಿ, ಇಡ್ತೇನೆ" ಎಂದು ಫೋನನ್ನು ಕೆಂಡದ ಹಾಗೆ ನನ್ನ ಕೈಗೆ ದಾಟಿಸುತ್ತಾರೆ. ಆಡುವಾಗ ನನಗೆ ಕಿವಿಗೆ ಹೆಡ್‌ಫೋನ್ ಹಾಕಿದರೆ ಆಗುವುದಿಲ್ಲ, ಇವರ ಮಾತೆಲ್ಲ ಕಂಪ್ಯೂಟರಿನ ಸ್ಪೀಕರಿನಲ್ಲೇ ಬರುತ್ತದೆ. ಜಗಲಿಯ ಗಾಳಿ ಅಂತೆ! ಮಗನ ಸ್ವರ ಕೇಳಲು ಮುದುಕಿ ಒಳಗೆ ಬಂದು ಕೂತಿದ್ದರು. ನಾನು ಗಂಡನನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅವರನ್ನು ಹೊರಗೆ ಕಳಿಸಿದ್ದೆ. ಅವರು "ಆಯ್ತು ಮಗಾ" ಎಂದಷ್ಟೇ ಹೇಳಿ ಹೋಗಿದ್ದರು. ನನಗೆ ಅಳು ಬಂತು. ಉಪ್ಪಿನಕಾಯಿ ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಮರುದಿನ ಮಣೆ, ಬುಟ್ಟಿ ನಾನೇ ತಂದು ಮೊದಲಿನ ಜಾಗದಲ್ಲಿಟ್ಟೆ. "ಯಂತ್ರ ಹಾಳಾಗ್ತದಲ್ಲ?" ಎಂದರು. "ಹಾಳಾದರೆ ಬಿಚ್ಚಲಿಕ್ಕೆ ನಾನಿದ್ದೇನೆ, ನೀವು ಕೂತ್ಕೊಳ್ಳಿ" ಎಂದೆ. ಈಗ ಭಾನುವಾರ ಬಂತೆಂದರೆ ಡಬ್ಬ ಬಿಚ್ಚಿ ನಾರು ತೆಗೆಯುವುದು, ಮನೆ ಗುಡಿಸಿದಷ್ಟೇ ಸಲೀಸು. ಮುಚ್ಚಳ ಬಿಚ್ಚಿದರೆ ಒಳಗಿನಿಂದ ಸಣ್ಣಗೆ ಹೂವಿನ ಪರಿಮಳ. ಹಾಳಾಗದೆ ನಡೆಯುವ ವಸ್ತುಗಳಿಂದ ನಮಗೆ ಬೇಕಾದಷ್ಟು ಉಪಕಾರವಿದೆ, ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಯಾರು ಯಾವುದಕ್ಕೆ ಕಾದು ಕೂತಿದ್ದಾರೆಂದು ನನಗೆ ತೋರಿಸಿಕೊಟ್ಟದ್ದು ಹಾಳಾದ ಈ ಡಬ್ಬ. ಅದಕ್ಕೆ ನಾನು ಋಣಿ.

ಕಳೆದ ವಾರ ಕಳ್ಳರು ಎರಡು ದೋಣಿಯಲ್ಲಿ ಬಂದರು. ನಾನೊಂದು ಕಡೆ, ಇವರೊಂದು ಕಡೆ. ಇವರ ಬೆನ್ನ ಹಿಂದೆ ಒಬ್ಬ ಬರುತ್ತಿದ್ದದ್ದು ನನಗೆ ಕಾಣಲಿಲ್ಲ. ನನ್ನ ಹೆಗಲ ಬಳಿ, ಹೂ ಕಟ್ಟುವುದು ಬಿಟ್ಟು ಎದ್ದು ನಿಂತು, ಅತ್ತೆ ಒಮ್ಮೆಲೇ ಕೂಗಿದರು, "ಹಿಂದೆ ನೋಡು ಮಗಾ, ಹಿಂದೆ!"

ಪರದೆಯ ಮೇಲೆ ಇವರ ದೊಣ್ಣೆ ಎತ್ತಿದಲ್ಲೇ ನಿಂತಿತು. ಆಮೇಲೆ ಸ್ಪೀಕರಿನಲ್ಲಿ, ನಾನು ಎಂದೂ ಕೇಳದ ಸಣ್ಣ ಸ್ವರದಲ್ಲಿ, "ಅಮ್ಮ? ನೀನು ಅಲ್ಲೇ ಇದ್ದೀಯಾ?"

"ದಿನಾ ಇಲ್ಲೇ ಇದ್ದೇನಲ್ಲ" ಎಂದರು ಅತ್ತೆ.

ನಾನು ಎದ್ದು ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಮನೆ ಸುಟ್ಟಿತು, ಗೆಣಸೂ ಹೋಯಿತು. ತಾಯಿ ಮಗ ಮಾತಾಡುತ್ತಲೇ ಇದ್ದರು. ಹೂವಿನವರು ಬಂದು ಬಾಗಿಲಲ್ಲಿ ಕರೆದಾಗ ಬುಟ್ಟಿಯಲ್ಲಿ ಇನ್ನೂ ಅರ್ಧ ಹೂ ಬಾಕಿ. ನನಗೆ ಹೂ ಕಟ್ಟಲು ಅಷ್ಟು ಚೆಂದ ಬರುವುದಿಲ್ಲ. ಆದರೂ ಅತ್ತೆಯ ಮಣೆಯ ಮೇಲೆ ಕೂತು, ಉಳಿದದ್ದನ್ನು ನಾನೇ ಕಟ್ಟಿದೆ.